ಕುಂಕುಮ ಹಚ್ಚಿದ ಮುಚ್ಚಳ

ಹಿರೇಕೆರೂರಿನಿಂದ ಬಂದ ಆಳು ಹಾನಗಲ್ಲಿನ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, "ಸಾವಿನ ಬಾವಿ ಫಟಫಟಿ ಮತ್ತ ಕೆಮ್ಮಾಕತ್ತೈತ್ರಿ. ಈಗಿಂದೀಗ ನಿಮ್ಮನ್ನ ಕರಕೊಂಡು ಬಾ ಅಂದಾರ ಮಾಲಕರು" ಅಂದ. ನಾನು ಅಕ್ಕಿ ಗಿರಣಿಯ ಎಂಜಿನ್ನಿನ ಪಂಪು ಬಿಚ್ಚಿಕೊಂಡು ಕೂತಿದ್ದೆ. ಅವನ ಬಾಯಿಂದ ಬಂದ ಆ 'ಮತ್ತ' ಅನ್ನುವ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ನಾನು ಕೈಯಿಟ್ಟ ಗಾಡಿ ಮತ್ತೆ ಕೆಮ್ಮುವುದೆಂದರೇನು? ಆಗ ನನಗೆ ಅಷ್ಟು ಸೊಕ್ಕಿತ್ತು.

ಸಾವಿನ ಬಾವಿಯಲ್ಲಿ ನೀರಿರುವುದಿಲ್ಲ. ಹಲಗೆಗಳನ್ನು ದುಂಡಗೆ, ನೆಟ್ಟಗೆ ನಿಲ್ಲಿಸಿ, ಹೊರಗಿನಿಂದ ತಂತಿಯ ಹಗ್ಗ ಬಿಗಿದು ಕಟ್ಟಿದ ಮೂರಾಳೆತ್ತರದ ಗೋಡೆ ಅದು. ಜನ ಏಣಿ ಹತ್ತಿ, ಮೇಲಿನ ಅಟ್ಟದ ಮೇಲೆ ನಿಂತು ಒಳಗೆ ಬಗ್ಗಿ ನೋಡುತ್ತಾರೆ. ಸವಾರ ತಳದಲ್ಲಿ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಶುರು ಮಾಡಿ, ಓರೆ ಹಲಗೆಗಳ ಮೇಲೆ ಎರಡು ಸುತ್ತು ಹಾಕಿ, ವೇಗ ಹಿಡಿದು ನೆಟ್ಟನೆಯ ಗೋಡೆಗೇ ಏರಿಬಿಡುತ್ತಾನೆ. ವೇಗ ಇರುವತನಕ ಗೋಡೆ ಅವನನ್ನು ಬಿಡುವುದಿಲ್ಲ. ಎಂಜಿನ್ನು ಒಂದು ಉಸಿರು ತಪ್ಪಿದರೂ ಅವನು ಕೆಳಗೆ.

ಈ ಆಟ ಎರಡು ತಿಂಗಳ ಹಿಂದೆ ಅಕ್ಕಿಆಲೂರಿನ ಸಂತೆಗೆ ಬಂದಿತ್ತು. ಸವಾರರಿಬ್ಬರೂ ಸವಣೂರಿನ ನಾಲಬಂದನೊಬ್ಬನ ಮಕ್ಕಳು; ಅಪ್ಪ ಎತ್ತು ಕುದುರೆಗಳಿಗೆ ನಾಲು ಹೊಡೆಯುವವನು. ಅಣ್ಣ ಗೋಡೆ ಹತ್ತುತ್ತಿದ್ದ. ತಮ್ಮ ಹೊರಗೆ ನಗಾರಿ ಬಾರಿಸಿ ಜನರನ್ನು ಕೂಡಿಸುತ್ತಿದ್ದ, ಆಗೀಗ ತಾನೂ ಹತ್ತುತ್ತಿದ್ದ. ಗಾಡಿ ಹಳೆಯ ವಿಲಾಯತಿ ಮಾಲು, ಎರಡು ಸಿಲಿಂಡರಿನದು. ಒಂದು ಮುಂದಕ್ಕೆ ವಾಲಿತ್ತು, ಇನ್ನೊಂದು ಹಿಂದಕ್ಕೆ. ಪೆಟ್ರೋಲು ಕೊಡಲು ಎರಡಕ್ಕೂ ಸೇರಿ ಒಂದೇ ಕಾರ್ಬ್ಯುರೇಟರ್, ಕಿಡಿ ಕೊಡಲು ಒಂದೇ ಮ್ಯಾಗ್ನೆಟೊ. ಅಕ್ಕಿಆಲೂರಿಗೆ ಬರುವಷ್ಟರಲ್ಲಿ ಅದರ ಹಿಂದಿನ ಸಿಲಿಂಡರು ಪೂರ್ತಿ ಸತ್ತಿತ್ತು.

ಕಾರಣ ಹುಡುಕುವುದು ಆ ಸಲ ಕಷ್ಟವಾಗಲಿಲ್ಲ. ಮ್ಯಾಗ್ನೆಟೊದೊಳಗೆ ಒಂದು ಉಂಗುರ ತಿರುಗುತ್ತದೆ. ಆ ಉಂಗುರಕ್ಕೆ ಇದ್ದಿಲಿನ ಎರಡು ಪುಟ್ಟ ಕಡ್ಡಿಗಳು ಸ್ಪ್ರಿಂಗಿನ ಬಲದಿಂದ ಒತ್ತಿಕೊಂಡು ನಿಂತಿರುತ್ತವೆ. ಬ್ರಷ್ ಅನ್ನುತ್ತೇವೆ ಅವಕ್ಕೆ. ಒಂದೊಂದು ಬ್ರಷ್ಷು ಒಂದೊಂದು ಸಿಲಿಂಡರಿಗೆ ಕಿಡಿ ದಾಟಿಸುತ್ತದೆ. ಮುಂದಿನ ಸಿಲಿಂಡರಿನ ಬ್ರಷ್ಷು ಮೇಲಿನಿಂದ ಕೆಳಕ್ಕೆ ಒತ್ತುತ್ತದೆ. ಹಿಂದಿನದು ಮಾತ್ರ ಉಂಗುರದ ಅಡಿಯಲ್ಲಿ ಕೂತು ಕೆಳಗಿನಿಂದ ಮೇಲಕ್ಕೆ. ಹಿಂದಿನದರ ಕಡ್ಡಿ ಮುರಿದು ಪುಡಿಯಾಗಿತ್ತು, ಸ್ಪ್ರಿಂಗು ತುಕ್ಕು ತಿಂದಿತ್ತು.

ಯುದ್ಧದ ಕಾಲ. ಹುಬ್ಬಳ್ಳಿಗೆ ಹೋಗಿ ಕೈಮುಗಿದರೂ ಅಂಥ ಸಾಮಾನು ಸಿಗುತ್ತಿರಲಿಲ್ಲ. ನಾನು ಖಾಲಿಯಾದ ಬ್ಯಾಟರಿ ಸೆಲ್ಲು ಒಡೆದು, ಒಳಗಿನ ಇದ್ದಿಲಿನ ಕಡ್ಡಿ ತೆಗೆದು, ಸಾಣೆಕಲ್ಲಿನ ಮೇಲೆ ಉಜ್ಜಿ ಉಜ್ಜಿ ಅಳತೆಗೆ ತಂದೆ. ಸ್ಪ್ರಿಂಗು ಹೊಲಿಗೆ ಯಂತ್ರದ ದಾರ ಬಿಗಿಹಿಡಿಯುವ ಜಾಗದ್ದು. ಕಡ್ಡಿ ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಓಡಾಡಲಿ ಎಂದು ತುಸು ಸಡಿಲವಾಗಿಯೇ ಬಿಟ್ಟೆ. ಗಾಡಿ ಒಂದೇ ಒದೆತಕ್ಕೆ ಶುರುವಾಗಿ ಎರಡೂ ಸಿಲಿಂಡರು ಒಂದೇ ತಾಳದಲ್ಲಿ ಬಡಿದುಕೊಂಡವು. ಸುತ್ತ ನಿಂತ ಮಂದಿ ಚಪ್ಪಾಳೆ ಹೊಡೆದರು. ಅಣ್ಣ ಸವಾರ ಮಾತ್ರ ಬಗ್ಗಿ ನೋಡಿ, "ಉಸ್ತಾದ, ಇದು ತಡೀತೈತೇನ್ರಿ?" ಎಂದು ಕೇಳಿದ.

"ನೀವು ಮುದುಕರಾಗಿ ಕೋಲು ಹಿಡದ್ರೂ ಅದಕ್ಕೇನೂ ಆಗೂದಿಲ್ಲ, ಹತ್ರಿ ನೀವು" ಅಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ನನಗೆ ಕೆಲಸ ಕಲಿಸಿದ ಗುರುಗಳದೊಂದು ರೂಢಿಯಿತ್ತು. ಕೆಲಸ ಮುಗಿದ ಮೇಲೆ ಮುಚ್ಚಳಕ್ಕೆ ಅರಗು ಕರಗಿಸಿ ಹಾಕಿ, ಅದರ ಮೇಲೆ ಕುಂಕುಮದ ಬೊಟ್ಟು ಇಡಬೇಕು. ಬೊಟ್ಟಿಟ್ಟ ಮುಚ್ಚಳವನ್ನು ಮುಂದಿನ ದಸರೆಯ ಖಂಡೆಪೂಜೆಯತನಕ ಯಾರೂ ಬಿಚ್ಚಬಾರದು. ಬೇರೆಯವರು ಬಿಚ್ಚಿದರೆ ಮಾಡಿದವನಿಗೆ ಅವಮಾನ, ಮಾಡಿದವನೇ ಬಿಚ್ಚಿದರೆ ಕೈಯ ವಿದ್ಯೆಗೆ ಅವಮಾನ. ನಮ್ಮ ಸುತ್ತಿನ ಕೆಲಸಗಾರರು, ಯಾವ ಜಾತಿಯವರೇ ಇರಲಿ, ಒಬ್ಬರ ಬೊಟ್ಟನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಹಿಂದಿನ ಬ್ರಷ್ಷಿನ ಮುಚ್ಚಳಕ್ಕೆ ನಾನೂ ಬೊಟ್ಟಿಟ್ಟು ಕಳಿಸಿದೆ.

ತಿಂಗಳು ಕಳೆದಿರಬೇಕು. ಸವಣೂರಿನಿಂದ ವೀಳ್ಯದೆಲೆ ತರುವ ವ್ಯಾಪಾರಿ ಅಂಗಡಿ ಮುಂದೆ ಕೂತು ಸುದ್ದಿ ಹೇಳಿದ. ಸಾವಿನ ಬಾವಿಯ ಅಣ್ಣ ಸವಾರ ತನ್ನ ಊರ ಮಂದಿಯ ಎದುರಿಗೇ ಗೋಡೆಯಿಂದ ಬಿದ್ದನಂತೆ. ಸೊಂಟ ಮುರಿದು ಮನೆಯಲ್ಲಿ ಬಿದ್ದಿದ್ದಾನಂತೆ. ಕುಡಿದು ಹತ್ತಿದ್ದನಂತೆ. ನಾನು ನಾಲಿಗೆ ಲೊಚಗುಟ್ಟಿ, "ಕುಡದು ಹತ್ತಿದ್ರ ಮತ್ತೇನಾದೀತು" ಅಂದು ಎಲೆ ಮಡಚಿ ಬಾಯಿಗೆ ಹಾಕಿಕೊಂಡೆ. ಗಾಡಿಯ ನೆನಪು ನನಗೆ ಬರಲೇ ಇಲ್ಲ.

ಈಗ ಹಿರೇಕೆರೂರಿನಿಂದ ಕರೆ ಬಂದಿತ್ತು. ಇದ್ದಿಲು ಗ್ಯಾಸಿನ ಬಸ್ಸು ಹಂಸಭಾವಿಯ ಹತ್ತಿರ ಎರಡು ಸಲ ನಿಂತು, ನಾವೆಲ್ಲ ಇಳಿದು ತಳ್ಳಿ, ಮಧ್ಯಾಹ್ನ ತಿರುಗಿದ ಮೇಲೆ ಊರು ಮುಟ್ಟಿದೆ. ಮರುದಿನ ಸಂತೆ. ಬಯಲಿನಲ್ಲಿ ಬಾವಿ ನಿಂತಿತ್ತು. ಹತ್ತಿರ ಹೋಗಿ ಒಳಗೆ ಇಣುಕಿದೆ. ಎಣ್ಣೆ ಹೊಗೆ ಕುಡಿದು ಕಪ್ಪಾದ ಹಲಗೆಗಳ ನಡುವೆ ಮೂರು ಹೊಸ ಹಲಗೆ, ಬೆಳ್ಳಗೆ ಹಲ್ಲು ಕಿಸಿದಂತೆ ಕಾಣುತ್ತಿದ್ದವು.

"ಅಲ್ಲೇರಿ ಅಣ್ಣ ಬಿದ್ದಿದ್ದು" ಅಂದ ತಮ್ಮ, ನನ್ನ ಹಿಂದೆ ನಿಂತು. ಈಗ ಗೋಡೆ ಹತ್ತುವವನು ಅವನೇ. ಅಕ್ಕಿಆಲೂರಿನಲ್ಲಿ ನಗಾರಿ ಬಾರಿಸುತ್ತ ಕುಣಿಯುತ್ತಿದ್ದವನ ಕಣ್ಣು ಒಳಗೆ ಹೋಗಿದ್ದವು.

ಮಾಲೀಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. "ನೋಡ್ರಿ ಮಿಸ್ತ್ರಿ, ಇವರಣ್ಣ ಕುಡದು ಬಿದ್ದ, ಇಂವ ಅಂಜಿ ಬೀಳಾಂವ. ಗಾಡೀಗೆ ಏನೂ ಆಗಿಲ್ಲ, ಇವಂದು ಎದಿ ಹಾರೈತಿ. ನಾಳೆ ಮಾಸೂರಿಂದ ಸುದ್ದಾ ಮಂದಿ ಬರ್ತೈತಿ. ನೀವೊಮ್ಮೆ ನೋಡಿ ಸರಿ ಐತಿ ಅನ್ನರಿ, ಆಟಕ್ಕ ಹತ್ತತಾನ."

ತಮ್ಮ ಅವನತ್ತ ನೋಡದೆ ನನಗೆ ಹೇಳಿದ, "ನೆಲದ ಮ್ಯಾಲೆ ಕೂಸಿನ್ಹಂಗ ಇರ್ತೈತ್ರಿ. ಗ್ವಾಡಿ ಹತ್ತಿದ ಮ್ಯಾಲೆ, ಮೂರನೇ ಸುತ್ತೋ ನಾಕನೇ ಸುತ್ತೋ, ಹಿಂದಿಂದು ಬಿಟ್ಟಬಿಡತೈತಿ. ಮತ್ತ ಹಿಡಿತೈತಿ. ಹೋದ ವಾರ ಒಂದು ಮಾರು ಕೆಳಗ ಜಾರಿದೆ. ನೀವೂ ನಾ ಅಂಜೇನಿ ಅಂತೀರೇನು?"

ಗಾಡಿ ನೋಡಿಯೇ ಹೇಳುತ್ತೇನೆ ಅಂದೆ.

ಮೊದಲು ಅವನ ಮಾತು ಖರೆಯೋ ಎಂದು ತಿಳಿಯಬೇಕಿತ್ತು. ನೆಲದ ಮೇಲೆ ಗಾಡಿ ಓಡಿಸಿ, ನಿಲ್ಲಿಸಿದ ಕೂಡಲೆ ಎರಡೂ ಹೊಗೆಕೊಳವೆಗಳ ಬುಡಕ್ಕೆ ಒಂದೊಂದು ಹನಿ ನೀರು ಬಿಟ್ಟೆ. ಎರಡರ ಮೇಲೂ ಹನಿ ಚುಂಯ್ ಎಂದು ಹಾರಿಹೋಯಿತು. ಎರಡೂ ಉರಿಯುತ್ತಿವೆ. ಆಮೇಲೆ ಅವನನ್ನು ಗೋಡೆ ಹತ್ತಿಸಿದೆ. ನಾನು ಬಾವಿಯ ತಳದಲ್ಲಿ ನಿಂತಿದ್ದೆ. ಮೂರು ಸುತ್ತು ಸದ್ದು ಸರಿಯಾಗಿತ್ತು. ನಾಲ್ಕನೆಯ ಸುತ್ತಿನಲ್ಲಿ ಲಯ ಮುರಿಯಿತು. ಗಾಡಿ ನನ್ನ ತಲೆಯ ಮೇಲೆ ಒಂದು ಗೇಣು ಕುಸಿದದ್ದು ಕಂಡಿತು. ಅವನು ಹೇಗೋ ಸಂಭಾಳಿಸಿ ಇಳಿಸಿದ. ಓಡಿಹೋಗಿ ನೀರು ಬಿಟ್ಟರೆ ಮುಂದಿನ ಕೊಳವೆಯ ಮೇಲೆ ಹನಿ ಹಾರಿತು, ಹಿಂದಿನದರ ಮೇಲೆ ಸುಮ್ಮನೆ ಕುದಿಯುತ್ತ ಕೂತಿತು. ತಮ್ಮ ಹೇಳಿದ್ದು ಖರೆ.

ಅಲ್ಲಿಂದ ಒಂದೊಂದೇ ಬಿಚ್ಚುತ್ತ ಹೋದೆ. ಹಿಂದಿನ ಪ್ಲಗ್ಗು ಕಪ್ಪಾಗಿ, ಪೆಟ್ರೋಲಿನಿಂದ ಒದ್ದೆಯಾಗಿತ್ತು. ಅಂದರೆ ಪೆಟ್ರೋಲು ಬರುತ್ತಿದೆ, ಸುಡುತ್ತಿಲ್ಲ. ಎರಡೂ ಪ್ಲಗ್ಗು ಅದಲುಬದಲು ಮಾಡಿದೆ. ದೋಷ ಪ್ಲಗ್ಗಿನ ಬೆನ್ನು ಹತ್ತಿ ಮುಂದಕ್ಕೆ ಹೋಗಲಿಲ್ಲ, ಹಿಂದೆಯೇ ಉಳಿಯಿತು. ರೇಶನ್ನಿನ ಪೆಟ್ರೋಲಿಗೆ ಯಾರೋ ಸೀಮೆಎಣ್ಣೆ ಬೆರೆಸಿದ್ದರು. ಅದನ್ನು ಚೆಲ್ಲಿ ಬೇರೆ ತರಿಸಿ, ಉಣ್ಣೆ ಟೊಪ್ಪಿಗೆಯಲ್ಲಿ ಸೋಸಿ ಹಾಕಿದೆ. ಕಾರ್ಬ್ಯುರೇಟರಿನ ತೇಲುಬುಡ್ಡಿ ಬಿಚ್ಚಿ ಕಸ ತೆಗೆದೆ, ತೂತುಗಳಿಗೆ ಗಾಳಿ ಊದಿದೆ. ಅದರಲ್ಲಿ ತಪ್ಪಿದ್ದರೆ ಎರಡೂ ಸಿಲಿಂಡರು ಕೆಮ್ಮಬೇಕಿತ್ತು ಎಂದು ಗೊತ್ತಿದ್ದರೂ ಮಾಡಿದೆ. ಹಿಂದಿನ ಸಿಲಿಂಡರಿಗೆ ಹೋಗುವ ಕೊಳವೆಯ ಕೂಡಿನಲ್ಲಿ ಗಾಳಿ ಒಳನುಗ್ಗುತ್ತಿದೆಯೇ ಎಂದು ಎಂಜಿನ್ನು ನಡೆಯುತ್ತಿರುವಾಗಲೇ ಸುತ್ತ ಎಣ್ಣೆ ಸುರಿದು ನೋಡಿದೆ; ಎಣ್ಣೆ ಹೀರಲಿಲ್ಲ. ವಾಲ್ವು ಸರಿಯಾಗಿ ಕೂಡುತ್ತಿದ್ದವು. ಮ್ಯಾಗ್ನೆಟೊದ ಪಾಯಿಂಟು ಉಜ್ಜಿ, ಸಂದಿಗೆ ಪೋಸ್ಟ್ ಕಾರ್ಡು ತೂರಿಸಿ ಅಳತೆ ನೋಡಿದೆ. ಹಿಂದಿನ ತಂತಿಯನ್ನೇ ತೆಗೆದು ಹೊಸದು ಹಾಕಿದೆ.

ತಂತಿ ಹಾಕುವಾಗ ತಮ್ಮ ಪಕ್ಕದಲ್ಲಿ ಕೂತು ಹೇಳಿದ, "ಅಣ್ಣ ಬಿದ್ದ ಮ್ಯಾಲೆ ಸವಣೂರಿನ ಮಿಸ್ತ್ರಿನೂ ಇಷ್ಟೆಲ್ಲಾ ಬಿಚ್ಚಿ ನೋಡಿದ್ರಿ. ಇದೊಂದು ಬಿಟ್ಟ. ಇದರ ಮ್ಯಾಲೆ ಕುಂಕುಮ ಐತಿ, ಮಾಡಿದಾಂವ ಗಟ್ಟಿ ಮನಶ್ಯಾ ಅದಾನ, ನಾ ಮುಟ್ಟೂದಿಲ್ಲ ಅಂದ."

ಮುಚ್ಚಳದ ಮೇಲೆ ನನ್ನ ಬೊಟ್ಟು ಎಣ್ಣೆ ಹಿಡಿದು ಕಂದಿದ್ದರೂ ಮಾಸಿರಲಿಲ್ಲ. ಆ ಮಾತು ಕೇಳಿ ನನಗೆ ಹಿಗ್ಗಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ತಂತಿಯನ್ನು ಆ ಮುಚ್ಚಳದ ಹೊರಗಿನ ಮೊಳೆಗೆ ಬಿಗಿದು, ಮುಚ್ಚಳದ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿ, ಕೈ ಮುಂದಕ್ಕೆ ಸರಿಸಿದೆ.

ಕತ್ತಲಾಗುವ ಮೊದಲು ಇನ್ನೊಮ್ಮೆ ಹತ್ತಿಸಿದೆ. ಈ ಸಲ ಎರಡನೇ ಸುತ್ತಿಗೇ ಬಿಟ್ಟಿತು. ತಮ್ಮ ಇಳಿದು ಗಾಡಿ ಒರಗಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹಲಗೆಗಳು ಬಿಸಿಲು ಆರಿ ಒಂದೊಂದಾಗಿ ಕಟ್ ಕಟ್ ಎಂದು ಸದ್ದು ಮಾಡುತ್ತಿದ್ದವು.

ಮರುದಿನ ಬೆಳಿಗ್ಗೆಯೇ ಸಂತೆಗೆ ಚಕ್ಕಡಿಗಳು ಬರತೊಡಗಿದವು. ಮಾಲೀಕ ಆಗಲೇ ನಗಾರಿ ಬಾರಿಸಲು ಬೇರೊಬ್ಬನನ್ನು ನಿಲ್ಲಿಸಿದ್ದ. ನನ್ನ ಹತ್ತಿರ ಬಿಚ್ಚಲು ಇನ್ನೇನೂ ಉಳಿದಿರಲಿಲ್ಲ. ನೆಲದ ಮೇಲೆ ಸಿಗದ ರೋಗವನ್ನು ನೆಲದ ಮೇಲೆ ಕೂತು ಹುಡುಕುತ್ತಿದ್ದೇನೆ ಎಂದು ಅನಿಸತೊಡಗಿತ್ತು. ತಮ್ಮನಿಗೆ, "ನನ್ನನ್ನ ಹಿಂದ ಕೂಡಿಸ್ಕೊಂಡು ಹತ್ತತೀಯೇನು?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಿದ. "ನಿಮಗೆ ಮಕ್ಕಳ ಅದಾವೇನ್ರಿ?"

"ಅದಾವ."

"ಹಂಗಾದ್ರ ಗಟ್ಟಿ ಹಿಡಕೋರಿ" ಅಂದು, ಧೋತರದಿಂದ ನನ್ನ ನಡುವನ್ನು ತನ್ನ ನಡುವಿಗೆ ಬಿಗಿದು ಕಟ್ಟಿಕೊಂಡ.

ಓರೆ ಹಲಗೆಯಿಂದ ಗೋಡೆಗೆ ಏರಿದ ಗಳಿಗೆಯಲ್ಲಿ ನನ್ನ ಕೆನ್ನೆ ಜೋತುಬಿದ್ದವು. ಹಿಂದಿನ ತಂತಿಯನ್ನು ಮುಟ್ಟಿ ನೋಡೋಣವೆಂದು ಬಲಗೈಯಲ್ಲಿ ಕಟ್ಟಿಗೆ ಹಿಡಿಕೆಯ ಸ್ಕ್ರೂಡ್ರೈವರು ಹಿಡಿದಿದ್ದೆ. ಆ ಕೈ ಎತ್ತಲು ಹೋದರೆ ಎತ್ತಲಾಗಲಿಲ್ಲ. ಯಾರೋ ಮೊಣಕೈಗೆ ಜೋಳದ ಚೀಲ ಕಟ್ಟಿದಂತೆ ತೋಳು ಗಾಡಿಯ ಗಾಲಿಯ ಕಡೆಗೇ ಜಗ್ಗುತ್ತಿತ್ತು. ಬಾಯೊಳಗಿನ ಉಗುಳು ಸಹ ಭಾರವಾಗಿತ್ತು. ಗೋಡೆಯ ಮೇಲೆ ಗಾಲಿಯ ಕಡೆಯೇ ಕೆಳಗು. ಎಲ್ಲವೂ ಆ ಕಡೆಗೆ ತನ್ನ ತೂಕದ ಮೂರುಪಟ್ಟು ಜಗ್ಗುತ್ತದೆ. ಮನುಷ್ಯನ ತೋಳನ್ನೇ ಹೀಗೆ ಜಗ್ಗುವುದಾದರೆ ಗಾಡಿಯೊಳಗಿನ ಸಣ್ಣಸಣ್ಣ ಸಾಮಾನುಗಳ ಗತಿಯೇನು ಎಂದು ಯೋಚನೆ ಬಂತು. ಯಾವುದು ಕೆಳಗಿನಿಂದ ಮೇಲಕ್ಕೆ ಒತ್ತಿಕೊಂಡು ನಿಂತಿದೆಯೋ ಅದು ಕೆಳಗೆ ಬೀಳುತ್ತದೆ. ಕೆಳಗಿನಿಂದ ಮೇಲಕ್ಕೆ ಒತ್ತುವುದು ಇಡೀ ಗಾಡಿಯ ಕಿಡಿಯ ದಾರಿಯಲ್ಲಿ ಒಂದೇ ಇತ್ತು. ಅದನ್ನು ಮಾಡಿದವನು ನಾನು.

ಅಷ್ಟರಲ್ಲಿ ಹಿಂದಿನ ಸಿಲಿಂಡರು ಬಿಟ್ಟಿತು.

ಸದ್ದು ಅರ್ಧವಾಯಿತು. ಗೋಡೆ ನಮ್ಮ ಗಾಲಿಯಿಂದ ಸಡಿಲವಾದದ್ದು ನನ್ನ ಕುಂಡಿಗೆ ತಿಳಿಯಿತು. ಮೂರು ಬಿಳಿ ಹಲಗೆ ಕಣ್ಣ ಮುಂದೆ ಹಾದವು, ಮುಂದಿನ ಸುತ್ತಿನಲ್ಲಿ ಅವೇ ಹಲಗೆ ಮೊದಲಿಗಿಂತ ಮೇಲಿದ್ದವು. ನಾವು ಜಾರುತ್ತಿದ್ದೆವು. ತಮ್ಮ ಒಂದೇ ಸಿಲಿಂಡರಿನ ಜೀವದ ಮೇಲೆ ಗಾಡಿಯನ್ನು ಓರೆ ಹಲಗೆಗೆ ಇಳಿಸಿದ. ಇಳಿದ ಮೇಲೆ ನಡುವಿನ ಗಂಟು ಬಿಚ್ಚಿಕೊಂಡೆವು.

ನಾನು ಮ್ಯಾಗ್ನೆಟೊದ ಮುಂದೆ ಕೂತೆ. ಹೆಬ್ಬೆರಳಿನಿಂದ ಕುಂಕುಮ ಒರೆಸಿದೆ. ಚಾಕುವಿನ ತುದಿಯಿಂದ ಅರಗು ಎಬ್ಬಿಸಿ ಮುಚ್ಚಳ ತೆಗೆದೆ. ಹೊಲಿಗೆ ಯಂತ್ರದ ಸ್ಪ್ರಿಂಗು ಎಂಜಿನ್ನಿನ ಕಾವಿಗೆ ಸತ್ತು ಚಪ್ಪಟೆಯಾಗಿ ಮಲಗಿತ್ತು. ಕಡ್ಡಿಯನ್ನು ಬೆರಳಿನಿಂದ ಕೆಳಗೆ ಒತ್ತಿ ಬಿಟ್ಟೆ. ಅದು ಮೇಲಕ್ಕೆ ಬರಲು ಗಳಿಗೆ ಹೊತ್ತು ತೆಗೆದುಕೊಂಡಿತು. ನೆಲದ ಮೇಲೆ ಅಷ್ಟು ಸಾಕಾಗುತ್ತಿತ್ತು.

ತಮ್ಮ ನೀರು ಕುಡಿಯಲು ಹೋಗಿದ್ದ. ಅವನು ಬರುವುದರೊಳಗೆ ಬೇರೆ ಸ್ಪ್ರಿಂಗು ಕೂರಿಸಿ, ಪಾಯಿಂಟಿನಲ್ಲಿ ಧೂಳಿತ್ತು ಅಂದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಸ್ಪ್ರಿಂಗೂ ಇತ್ತು. ಕೈ ಅದರತ್ತ ಹೋಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಅವನು ಬಂದು ನಿಂತು, "ಏನ ಸಿಕ್ತ್ರಿ?" ಎಂದಾಗ ನಾನು ಇನ್ನೂ ಏನೂ ಮಾಡದೆ ಕೂತಿದ್ದೆ. ಕಡ್ಡಿಯನ್ನು ಅವನ ಅಂಗೈಯಲ್ಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ನನ್ನ ಕುತ್ತಿಗೆ ಹಿಡಿಯುತ್ತಾನೆ ಅಂದುಕೊಂಡೆ. ಹಿಡಿದಿದ್ದರೆ ಚಲೋ ಇತ್ತು.

"ಅಣ್ಣ ಇದನ್ನೇ ಅಂದಿದ್ದ" ಅಂದ. "ಬಿದ್ದಾಗ ಹೊತಗೊಂಡು ಹೋಗೂ ಮುಂದ, ಹಿಂದಿಂದು ಬಿಡ್ತೋ, ಹಿಂದಿಂದು ಬಿಡ್ತೋ ಅಂತ ಒಂದ ಸವನ ಅಂತಿದ್ದ. ನೆಲದ ಮ್ಯಾಲೆ ಶುರು ಮಾಡಿ ನೋಡಿದ್ರ ಎರಡೂ ನಡದ್ವು. ಮಾಲಕ ಕುಡದಾನ ಅಂದ. ಊರಾಗಿನ ಮಂದಿ ಹೂಂ ಅಂತು. ಅಪ್ಪ ನಂಬಿದ. ಕುಡದ ಮಗನ ಜೋಡಿ ಮಾತಿಲ್ಲ ಅಂತ ಅವತ್ತಿಂದ ಅಣ್ಣನ ಜೋಡಿ ಒಂದ ಮಾತ ಆಡಿಲ್ಲ. ನಾನೂ ನಂಬಿದ್ದೆರಿ."

ಮಾಲೀಕ ಬಂದು ಆಟ ಶುರು ಮಾಡಲು ಅವಸರ ಮಾಡಿದ. ಬೇರೆ ಸ್ಪ್ರಿಂಗು ಹಾಕು, ಸಾಕು ಅಂದ. ಅಟ್ಟದ ಮೇಲೆ ಆಗಲೇ ಜನ ತುಂಬಿದ್ದರು, ಹಲಗೆ ಒದೆಯುತ್ತಿದ್ದರು. ನಾನು ತಮ್ಮನ ಕೈಯಿಂದ ಕಡ್ಡಿ ತೆಗೆದುಕೊಂಡು ಕಿಸೆಗೆ ಹಾಕಿದೆ. "ಹುಬ್ಬಳ್ಳಿ ಬ್ಯಾಡ, ಮುಂಬಯಿಂದ ಖರೇ ಸಾಮಾನ ಬರೂತನಕ ಈ ಗಾಡಿ ಗ್ವಾಡಿ ಹತ್ತೂದಿಲ್ಲ. ಒಂದ ಸಿಲಿಂಡರಿನ ಮ್ಯಾಲೆ ಹತ್ತಾಕ ನಿಮಗೆ ಧೈರ್ಯ ಇದ್ರ ನೀವ ಹತ್ರಿ" ಅಂದೆ. ಅವನು ಬಾಯಿಗೆ ಬಂದಂತೆ ಬೈದ. ಬೈಗುಳ ನನಗೆ ತಟ್ಟಲಿಲ್ಲ. ನನ್ನ ಮನಸ್ಸು ಆಗಲೇ ಸವಣೂರಿಗೆ ಹೋಗಿ ಕೂತಿತ್ತು.

ಮರುದಿನ ಹಾನಗಲ್ಲಿನಲ್ಲಿ ಇಳಿದು ಮನೆಗೆ ಹೋಗಬಹುದಿತ್ತು. ಇಳಿಯಲಿಲ್ಲ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಾಲಬಂದನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಸುತ್ತಿಗೆಯ ಸದ್ದು ಕೇಳುತ್ತಿತ್ತು. ಮನೆಯ ಮುಂದೆ ಎತ್ತೊಂದನ್ನು ಕೆಡವಿ, ಕಾಲು ಕೂಡಿಸಿ ಕಟ್ಟಿದ್ದರು. ಎತ್ತಿನ ಒಡೆಯ ಅದರ ತಲೆ ಒತ್ತಿ ಹಿಡಿದಿದ್ದ. ಬಿಳಿ ಗಡ್ಡದ ಮುದುಕ ನಾಲು ಹೊಡೆಯುತ್ತಿದ್ದ. ಮಗನನ್ನು ನೋಡಬೇಕು ಅಂದೆ. ಮುದುಕ ತಲೆ ಎತ್ತದೆ ಸುತ್ತಿಗೆಯಿಂದ ಬಾಗಿಲು ತೋರಿಸಿದ.

ಅಣ್ಣ ಹೊರಸಿನ ಮೇಲೆ ಮಲಗಿದ್ದ. ಸೊಂಟದ ಕೆಳಗೆ ಚಾದರ ಹೊದಿಸಿದ್ದರು. ಅದರಡಿಯಲ್ಲಿ ಕಾಲು ಇವೆ ಎಂದು ಅನಿಸುತ್ತಿರಲಿಲ್ಲ. ನನ್ನ ಗುರುತು ಹಿಡಿದು, "ಬರ್ರಿ ಉಸ್ತಾದ, ಕೂಡ್ರಿ" ಅಂದ. ನನಗೆ ಕೂರಲು ಆಗಲಿಲ್ಲ. ನಿಂತೇ ಹೇಳಿದೆ. ಸೆಲ್ಲಿನ ಕಡ್ಡಿ, ಸತ್ತ ಸ್ಪ್ರಿಂಗು, ಕುಂಕುಮದ ಬೊಟ್ಟು, ಎಲೆ ವ್ಯಾಪಾರಿಯ ಮುಂದೆ ನಾನಾಡಿದ ಮಾತು, ಒಂದನ್ನೂ ಬಿಡಲಿಲ್ಲ. ಕಡ್ಡಿಯನ್ನು ಅವನ ಮುಂದೆ ಹಿಡಿದೆ.

ಅವನು ಅದನ್ನು ಮುಟ್ಟಲಿಲ್ಲ. ಜಂತಿ ನೋಡುತ್ತ ಅಂದ:

"ನನಗ್ಯಾಕ ಹೇಳ್ತೀರಿ? ನನಗ ಗೊತ್ತಿತ್ತಲ್ಲ. ಹೊರಗ ಕುಂತಾರ ನೋಡ್ರಿ, ಅವರಿಗೆ ಹೇಳ್ರಿ."

ಹೊರಗೆ ಬಂದೆ. ಮುದುಕ ಮೂರನೆಯ ಕಾಲಿನ ನಾಲು ಮುಗಿಸಿ ನಾಲ್ಕನೆಯದನ್ನು ಕೈಗೆತ್ತಿಕೊಂಡಿದ್ದ. ಅವನೆದುರು ಕುಕ್ಕರಗಾಲಲ್ಲಿ ಕೂತು ಮತ್ತೆ ಮೊದಲಿನಿಂದ ಹೇಳಿದೆ. ಎತ್ತಿನ ಒಡೆಯನೂ ಬಾಯಿ ತೆರೆದು ಕೇಳಿದ. ಮುದುಕ ಕಡ್ಡಿಯನ್ನು ಇಸಿದುಕೊಂಡು ಎರಡು ಬೆರಳಿನ ನಡುವೆ ತಿರುಗಿಸಿದ. ಅವನ ಬೆರಳು ಕಪ್ಪಾದವು.

"ಇದು ಅಷ್ಟ?" ಅಂದ.

"ಇದು ಅಷ್ಟ ರೀ. ಅಂವ ಕುಡದಿರಲಿಲ್ಲ."

ಮುದುಕ ನನ್ನನ್ನು ಬೈಯಲಿಲ್ಲ. ಕಡ್ಡಿಯನ್ನು ನಾಲಿನ ಮೊಳೆಗಳ ಡಬ್ಬಿಯಲ್ಲಿ ಹಾಕಿ, ಸುತ್ತಿಗೆ ಕೆಳಗಿಟ್ಟು, ಗೋಡೆ ಹಿಡಿದು ಎದ್ದು ಒಳಗೆ ಹೋದ. ಎತ್ತಿನ ಒಡೆಯ ಈ ಸುದ್ದಿಯನ್ನು ಯಾರಿಗೆ ಮೊದಲು ಹೇಳಲಿ ಎಂಬಂತೆ ಎತ್ತಿನ ತಲೆ ಬಿಟ್ಟು ಓಣಿಯತ್ತ ಓಡಿದ. ಎತ್ತು ಕೊಸರಾಡಿತು. ನಾನು ಹೋಗಿ ಅದರ ಕೋಡು ಹಿಡಿದು ಕೂತೆ.

ಒಳಗಿನಿಂದ ಮುದುಕನ ದನಿ ಕೇಳಿತು.

"ಉಂಡ್ಯೇನೋ?"

ಮಗನ ಉತ್ತರ ನನಗೆ ಕೇಳಿಸಲಿಲ್ಲ. ಅಳುವ ಸದ್ದು ಕೇಳಿತು. ಇಬ್ಬರಲ್ಲಿ ಯಾರದೆಂದು ತಿಳಿಯಲಿಲ್ಲ. ಬಿಸಿಲು ನನ್ನ ಬೆನ್ನ ಮೇಲೆ ಬಂತು, ಇಳಿಯಿತು. ಮುದುಕ ಹೊರಗೆ ಬಂದವನೇ ಸುತ್ತಿಗೆ ಎತ್ತಿಕೊಂಡು ನಾಲ್ಕನೆಯ ಗೊರಸಿಗೆ ನಾಲು ಹಚ್ಚಿದ. ನನ್ನ ಮುಖ ನೋಡದೆ ಅಂದ, "ಬಿಗೀ ಹಿಡಿ. ನೀ ಬಿಟ್ಟಿ ಅಂದ್ರ ಇದೂ ಕುಂಟತೈತಿ."

ನಾನು ಎರಡೂ ಕೈಯಿಂದ ಹಿಡಿದೆ.